ಡಾಕ್ಟರ್ ವೈಲ್ಡರ್ ಪೆನ್‌ಫೀಲ್ಡ್

ಮಹನೀಯರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಪರೀಕ್ಷೆಗೋಸ್ಕರ ಓದುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಈ ಒಬ್ಬರ ಚರಿತ್ರೆಯನ್ನು ನಾನು ಓದಿದುದು ಬೇರೆ ಕಾರಣಕ್ಕೆ. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ನನ್ನ ತಮ್ಮನಿಗೆ ಮೂರ್ಛೆರೋಗವಿದೆ. ಒಂದೂವರೆ ವರ್ಷದವನಾಗಿದ್ದಾಗ ಜ್ವರದಲ್ಲಿ ಬಹಳ ಹೊತ್ತು ಫಿಟ್ಸ್ ಬಂದಿತ್ತು. ಆರನೆಯ ವರ್ಷದಿಂದ ಮತ್ತೆ ಕಾಣಿಸಿಕೊಂಡಿತು: ಇದ್ದಕ್ಕಿದ್ದಂತೆ ದಿಟ್ಟಿ ನೆಟ್ಟು ಕುಳಿತುಬಿಡುವನು, ತುಟಿ ಚಪ್ಪರಿಸುವನು, ಕರೆದರೆ ಓಗೊಡನು. ಅಜ್ಜಿ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು. ಅಮ್ಮ ಗ್ರಾಮದೇವತೆಗೆ ಹರಕೆ ಹೊತ್ತರು. ವೈದ್ಯರು ಒಂದಾದಮೇಲೊಂದರಂತೆ ಮೂರು ಔಷಧಿಗಳನ್ನು ಕೊಟ್ಟುನೋಡಿದರು. ಯಾವುದಕ್ಕೂ ರೋಗ ಬಗ್ಗಲಿಲ್ಲ. ಕಡೆಗೆ ಮಿದುಳಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅಮ್ಮ ಎರಡು ದಿನ ಊಟ ಬಿಟ್ಟರು. ಇಂಥ ಚಿಕಿತ್ಸೆಯನ್ನು ಮೊದಲು ಯಾರು ಮಾಡಿದರು, ಯಾವ ಧೈರ್ಯದಿಂದ ಮಾಡಿದರು ಎಂದು ಹುಡುಕಹೊರಟ ನನಗೆ ದೊರೆತವರು ಪೆನ್‌ಫೀಲ್ಡರು.

ವೈಲ್ಡರ್ ಪೆನ್‌ಫೀಲ್ಡರು 1891ನೆಯ ಇಸವಿ ಜನವರಿ 26ರಂದು ಅಮೆರಿಕದ ಸ್ಪೋಕೇನ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರಾಗಿದ್ದರೂ ವೃತ್ತಿ ಕೈಹತ್ತಲಿಲ್ಲ. ಬಾಲಕನಿಗೆ ಎಂಟು ವರ್ಷವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ವಿಸ್ಕಾನ್ಸಿನ್ ಪ್ರಾಂತ್ಯದ ಹಡ್ಸನ್ ಎಂಬ ತವರೂರಿಗೆ ಬಂದು ನೆಲೆಸಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಫುಟ್‌ಬಾಲ್ ತರಬೇತಿ ಕೊಟ್ಟು, ರೋಡ್ಸ್ ವಿದ್ಯಾರ್ಥಿವೇತನದ ಬಲದಿಂದ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ನರವ್ಯೂಹದ ವಿಷಯದಲ್ಲಿ ಲೋಕಮಾನ್ಯರಾದ ಷೆರಿಂಗ್ಟನ್ನರು ಗುರುಗಳಾದರು. 1916ರಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟುತ್ತಿದ್ದಾಗ ಅವರಿದ್ದ ಸಸೆಕ್ಸ್ ಎಂಬ ಹಡಗಿಗೆ ಜರ್ಮನರ ಟಾರ್ಪೆಡೋ ತಗುಲಿತು. ಗಾಯಗೊಂಡ ತರುಣನನ್ನು ಸರ್ ವಿಲಿಯಂ ಆಸ್ಲರರು ತಮ್ಮ ಮನೆಯಲ್ಲೇ ಇಟ್ಟುಕೊಂಡು ಉಪಚರಿಸಿದರು. 1918ರಲ್ಲಿ ಜಾನ್ಸ್ ಹಾಪ್‌ಕಿನ್ಸಿನಿಂದ ವೈದ್ಯಪದವಿ ಬಂದಿತು. ಮುಂದೆ 1928ರಲ್ಲಿ ಬ್ರೆಸ್ಲಾವ್ ನಗರದ ಫೋರ್ಸ್ಟರರ ಬಳಿ, ರೋಗಿ ಎಚ್ಚರವಾಗಿರುವಾಗಲೇ ಮಿದುಳನ್ನು ತೆರೆದು ಮೂರ್ಛೆಯ ಮೂಲವನ್ನು ತೆಗೆಯುವ ವಿದ್ಯೆಯನ್ನು ಕಲಿತರು. ಅದೇ ವರ್ಷ ಕೆನಡಾದ ಮಾಂಟ್ರಿಯಲ್ ನಗರಕ್ಕೆ ಬಂದರು.

ಆ ವರ್ಷದ ಕೊನೆಯಲ್ಲಿ ವಿಧಿ ಅವರನ್ನು ಕಠಿಣವಾಗಿ ಪರೀಕ್ಷಿಸಿತು. ಅವರ ಅಕ್ಕ ರೂತ್‌ರಿಗೆ ಎಳೆಯ ವಯಸ್ಸಿನಿಂದಲೂ ಆಗಾಗ ಮೂರ್ಛೆ ಬರುತ್ತಿತ್ತು. ಈಗ ಮಿದುಳಿನಲ್ಲಿ ಗಡ್ಡೆಯಿರುವುದು ತಿಳಿದುಬಂದಿತು. ಒಡಹುಟ್ಟಿದವಳ ತಲೆಯ ಮೇಲೆ ಕತ್ತಿಯಿಡುವುದು ಯಾರಿಗೆ ತಾನೆ ಸಾಧ್ಯ? ಆದರೂ ಪೆನ್‌ಫೀಲ್ಡರೇ ಆ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಬಲಗಡೆಯ ಮುಂಭಾಗದ ಬಹುಪಾಲನ್ನು ತೆಗೆದರೂ ಗಡ್ಡೆ ಪೂರ್ತಿ ಕೈಗೆ ಸಿಗಲಿಲ್ಲ. ಆಕೆ ಮನೆಗೆ ಮರಳಿ ಮಕ್ಕಳನ್ನು ನೋಡಿಕೊಂಡರು. ಒಂದು ವರ್ಷದ ಮೇಲೆ ಕೆಲವು ತಿಂಗಳು ಕಳೆದಾಗ, ತಮ್ಮನನ್ನೂ ಇತರ ನಾಲ್ವರನ್ನೂ ರಾತ್ರಿಯೂಟಕ್ಕೆ ಕರೆದರು. ತಮ್ಮ ಬಂದು ನೋಡಿದರೆ, ಅಕ್ಕ ಒಲೆಯ ಮುಂದೆ ದಿಕ್ಕುತೋಚದೆ ನಿಂತಿದ್ದರು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಮಾತು, ವಿನಯ, ಪ್ರೀತಿ ಎಲ್ಲವೂ ಹಾಗೆಯೇ ಇದ್ದುವು. 1931ರಲ್ಲಿ ಆಕೆ ತೀರಿಕೊಂಡರು. ಪೆನ್‌ಫೀಲ್ಡರು ಆ ಅಡುಗೆಮನೆಯ ಪ್ರಸಂಗವನ್ನೂ ಬಚ್ಚಿಡದೆ ವೈದ್ಯಪತ್ರಿಕೆಯಲ್ಲಿ ಬರೆದರು.

1934ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಬಾಗಿಲು ತೆರೆಯಿತು. ಮಿದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಇ.ಇ.ಜಿ.ಯಲ್ಲಿ ನಿಪುಣರಾದ ಜಾಸ್ಪರರು ಜೊತೆಗೂಡಿದರು. ಮಿದುಳಿಗೆ ನೋವಿಲ್ಲ, ನೆತ್ತಿಯ ಚರ್ಮಕ್ಕೆ ಮರವಿನ ಮದ್ದು ಕೊಟ್ಟರೆ ರೋಗಿ ಮಾತನಾಡುತ್ತಲೇ ಇರಬಹುದು. ಪೆನ್‌ಫೀಲ್ಡರು ಸಣ್ಣ ವಿದ್ಯುತ್ ಕಡ್ಡಿಯಿಂದ ಅಲ್ಲಲ್ಲಿ ಮುಟ್ಟುವರು. ಒಂದೆಡೆ ಮುಟ್ಟಿದರೆ ಹೆಬ್ಬೆರಳು ಅದುರುವುದು, ಇನ್ನೊಂದೆಡೆ ಮಾತು ನಿಲ್ಲುವುದು. ಹದಿನಾಲ್ಕು ವರ್ಷದ ಒಬ್ಬ ಹುಡುಗಿಗೆ, ತಾನು ಏಳು ವರ್ಷದವಳಾಗಿದ್ದಾಗ ಹಾವಿನ ಚೀಲ ಹಿಡಿದು ಹಿಂದಿನಿಂದ ಬಂದು ಹೆದರಿಸಿದ ಮನುಷ್ಯನೇ ಮತ್ತೆ ಕಣ್ಮುಂದೆ ಬಂದನು. ಹೀಗೆ ನೂರಾರು ರೋಗಿಗಳ ಮಿದುಳಿನಲ್ಲಿ ಗುರುತು ಮಾಡಿಕೊಂಡು ಅವರು ನಕಾಶೆಯೊಂದನ್ನು ಬರೆದರು. ಬಿಡಬೇಕಾದುದನ್ನು ಬಿಟ್ಟು ತೆಗೆಯಬೇಕಾದುದನ್ನು ತೆಗೆಯಲು ಆ ನಕಾಶೆಯೇ ದಾರಿ.

ಆದರೆ ಆ ಕಾಲದಲ್ಲಿ ತಲೆಬುರುಡೆಯ ಒಳಗನ್ನು ಮೊದಲೇ ಕಾಣುವ ಉಪಾಯ ಬಹಳ ಕಡಿಮೆ. ಡ್ಯಾಂಡಿ ಎಂಬ ವೈದ್ಯರು 1918–19ರಲ್ಲಿ ಕಂಡುಹಿಡಿದಂತೆ, ಮಿದುಳಿನ ನೀರಿರುವ ಜಾಗಕ್ಕೆ ಗಾಳಿ ತುಂಬಿಸಿ ಎಕ್ಸ್-ರೇ ತೆಗೆಯಬೇಕಾಗಿತ್ತು. ಅದರಿಂದ ವಿಪರೀತ ತಲೆನೋವು; ಚಿತ್ರವೂ ನೆರಳು ಮಾತ್ರ. ಈ ಕುರುಡಿನ ಬೆಲೆಯನ್ನು ಒಬ್ಬ ಎಂಜಿನಿಯರ್ ತೆರಬೇಕಾಯಿತು. 1951ರಲ್ಲಿ ಆತನ ಎಡಗಡೆಯ ಕಪೋಲಭಾಗದ ಒಳಮೈಯನ್ನು ಪೆನ್‌ಫೀಲ್ಡರು ತೆಗೆದರು. ಆಮೇಲೆ ಆತನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನನ್ನು ಪರೀಕ್ಷಿಸಿ, ಬಲಗಡೆಯದು ಮೊದಲೇ ಕೆಟ್ಟಿದ್ದಿರಬೇಕೆಂದು ಪೆನ್‌ಫೀಲ್ಡರೊಡನೆ ಊಹಿಸಿದರು. 1964ರಲ್ಲಿ ಆತನು ಸತ್ತಮೇಲೆ ತೆರೆದು ನೋಡಿದಾಗ, ಕಡಲಕುದುರೆಯ ಆಕಾರದ ಹಿಪ್ಪೋಕ್ಯಾಂಪಸ್ ಎಂಬ ನೆನಪಿನ ಅಂಗ ಬಲಗಡೆಯಲ್ಲಿ ಬಹು ಹಿಂದೆಯೇ ಮುರುಟಿಹೋಗಿತ್ತು. 1974ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಪೆನ್‌ಫೀಲ್ಡರು ಇದನ್ನು ಜಗತ್ತಿನ ಮುಂದಿಟ್ಟರು. ಅವರ ಕೀರ್ತಿಯೆಲ್ಲಕ್ಕಿಂತ ನನ್ನನ್ನು ತಲೆಬಾಗಿಸಿದುದು ಈ ಸತ್ಯನಿಷ್ಠೆ.

ಈ ಸಂಗತಿ ನಮ್ಮ ಮನೆಗೆ ಎಷ್ಟು ಹತ್ತಿರದ್ದೆಂಬುದನ್ನು ಈಗ ಹೇಳುತ್ತೇನೆ. ತಮ್ಮನಿಗೆ ಮೊದಲು ಒಂದು ಕಡೆ ಎಂ.ಆರ್.ಐ. ತೆಗೆಸಿದ್ದೆವು, ದೋಷವಿಲ್ಲವೆಂದು ಬರೆದುಕೊಟ್ಟರು. ಒಂದು ವರ್ಷ ಹಾಗೇ ಹೋಯಿತು. ಅನಂತರ ಬೇರೆ ಕಡೆ, ಮೂರ್ಛೆರೋಗಕ್ಕೆಂದೇ ತೆಳ್ಳಗಿನ ಪದರಗಳಾಗಿ, ಹಿಪ್ಪೋಕ್ಯಾಂಪಸಿನ ಓರೆಗೆ ಸರಿಯಾಗಿ ತೆಗೆದಾಗ ಎಡಗಡೆಯದು ಮುರುಟಿರುವುದು ಕಂಡಿತು. ಹಲವು ದಿನ ವಿಡಿಯೋ ಇ.ಇ.ಜಿ. ಮಾಡಿ ಮೂರ್ಛೆ ಅಲ್ಲಿಂದಲೇ ಹೊರಡುವುದೆಂದು ಖಚಿತಪಡಿಸಿಕೊಂಡರು. ಯಂತ್ರದೊಳಗೆ ಮಲಗಿಸಿ ಚಿತ್ರಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಸಿ, ಮಾತಿನ ಜಾಗ ಎಲ್ಲಿದೆಯೆಂದು ನೋಡಿದರು. ನೆನಪಿನ ಪರೀಕ್ಷೆಯನ್ನೂ ಮಾಡಿದರು. ಬಲಗಡೆ ಚೆನ್ನಾಗಿದೆಯೆ ಎಂಬ ಪ್ರಶ್ನೆಯನ್ನು ವೈದ್ಯರು ಬಿಡದೆ ವಿಚಾರಿಸಿದರು. ಚೆನ್ನಾಗಿದೆ. ಆ ಪ್ರಶ್ನೆಯ ಹಿಂದೆ ಒಬ್ಬ ಎಂಜಿನಿಯರಿನ ಬಾಳಿದೆಯೆಂಬುದು ನನಗೆ ಮಾತ್ರ ಗೊತ್ತಿತ್ತು. ಅಪ್ಪ ಪೀಣ್ಯದಲ್ಲಿ ಲೇತ್ ಕೆಲಸದವರು. ಮೊದಲು ಅಳತೆ, ಆಮೇಲೆ ಕಟಿಂಗ್ ಎಂಬುದು ಅವರ ಕಸುಬಿನ ನಿಯಮ. ವಿಷಯವನ್ನು ವಿವರಿಸಿದಾಗ ಅವರಿಗೆ ಬೇಗ ಮನದಟ್ಟಾಯಿತು. ಅಮ್ಮನಿಗೆ ರೂತ್‌ರ ಅಡುಗೆಮನೆಯ ಕಥೆಯನ್ನೂ ಹೇಳಿದೆ. ಮುಚ್ಚಿಟ್ಟು ಒಪ್ಪಿಸುವುದು ನನಗೆ ಸರಿಕಾಣಲಿಲ್ಲ. ಅವರು ಅತ್ತರು, ಆಮೇಲೆ ಒಪ್ಪಿದರು.

ಪೆನ್‌ಫೀಲ್ಡರ ವಿದ್ಯೆ ನಮ್ಮ ನಾಡಿಗೆ ಬಂದ ದಾರಿಯೂ ನೆನೆಯತಕ್ಕದ್ದು. ಮಾಂಟ್ರಿಯಲ್ಲಿನಲ್ಲಿ ಅವರ ಕೈಕೆಳಗೆ ಕಲಿತ ಡಾಕ್ಟರ್ ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲನೆಯ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. 1952ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿಯೂ ಈ ಚಿಕಿತ್ಸೆ ನಡೆಯುತ್ತಿದೆ.

1960ರಲ್ಲಿ ನಿರ್ದೇಶಕ ಪದವಿಯಿಂದ ನಿವೃತ್ತರಾದ ಪೆನ್‌ಫೀಲ್ಡರು ಸುಮ್ಮನೆ ಕೂಡಲಿಲ್ಲ. ಎಳೆಯ ಮಿದುಳು ಭಾಷೆಗಳನ್ನು ಸುಲಭವಾಗಿ ಹಿಡಿಯುವುದೆಂದೂ, ಮಕ್ಕಳಿಗೆ ಎರಡನೆಯ ಭಾಷೆಯನ್ನು ಬೇಗನೆ ಕಲಿಸಬೇಕೆಂದೂ ಸಾರಿದರು, ಪುಸ್ತಕಗಳನ್ನು ಬರೆದರು. 1976ರ ಏಪ್ರಿಲ್ 5ರಂದು ಮಾಂಟ್ರಿಯಲ್ಲಿನಲ್ಲಿ ಕಾಲವಾದರು.

ತಮ್ಮನ ಶಸ್ತ್ರಚಿಕಿತ್ಸೆ ಬೇಸಗೆ ರಜೆಯಲ್ಲಿ ಎಂದು ಗೊತ್ತಾಗಿದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅದು ಮುಗಿದಿರಬಹುದು. ಫಲ ಏನೇ ಇರಲಿ, ತಿಳಿಯಬಹುದಾದುದನ್ನೆಲ್ಲ ತಿಳಿದುಕೊಂಡೇ ನಾವು ಸಹಿ ಹಾಕಿದ್ದೇವೆ. ಸಹಪಾಠಿಗಳೆ, ನಿಮ್ಮ ಬೀದಿಯಲ್ಲಿ ಯಾವುದಾದರೂ ಮಗು ಹೀಗೆ ದಿಟ್ಟಿ ನೆಟ್ಟು ಕುಳಿತರೆ, ಬೀಗದ ಕೈ ಹುಡುಕಬೇಡಿ. ಬಿದ್ದರೆ ಪಕ್ಕಕ್ಕೆ ಮಗ್ಗುಲಾಗಿಸಿ, ಹತ್ತಿರ ಕುಳಿತಿರಿ, ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೆನ್‌ಫೀಲ್ಡರಿಗೆ ನಾವು ಸಲ್ಲಿಸಬಹುದಾದ ಗೌರವ ಅಷ್ಟರಲ್ಲೇ ಇದೆ.