ಕವಿಚಕ್ರವರ್ತಿ ಜನ್ನ

ಜನ್ನನು ಸುಮನೋಬಾಣನ ಮಗ. ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನು ಅವನ ಭಾವ, ಶಬ್ದಮಣಿದರ್ಪಣದ ಕೇಶಿರಾಜನು ಸೋದರಳಿಯ. ಕವಿಚಕ್ರವರ್ತಿಯೆಂಬ ಬಿರುದಾದರೋ ಹೊಯ್ಸಳ ವೀರಬಲ್ಲಾಳನಿಂದ ಬಂದುದು. ಆದರೆ 1209ರಲ್ಲಿ ಅವನು ರಚಿಸಿದ ಯಶೋಧರ ಚರಿತೆ ಅರಮನೆಗೆ ಹಿತವಾಗುವಂಥ ಕಥೆಯಲ್ಲ. ಬನದ ನಡುವೆ ಚಂಡಮಾರಿಯ ಗುಡಿ. ಬಲಿಗೆಂದು ಹಿಡಿತಂದ ಎಳೆಯ ಅಣ್ಣತಂಗಿಯರು. ಕೊಲ್ಲಲು ಸಿದ್ಧನಾದ ದೊರೆ ಮಾರಿದತ್ತ. ಮಕ್ಕಳು ಅಂಜದೆ ತಮ್ಮ ಹಿಂದಿನ ಭವಗಳನ್ನು ಹೇಳುತ್ತಾರೆ. ಜೀವಹಿಂಸೆಗೆ ಹೆದರಿದ ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಹುಂಜವನ್ನು ಕಡಿದನಂತೆ, ಅದು ಕೂಗಿಬಿಟ್ಟಿತು! ನಗಬೇಕೆನ್ನುವಷ್ಟರಲ್ಲಿ ಓದುಗನ ಮೈ ನಡುಗುತ್ತದೆ. ಅಷ್ಟರಿಂದಲೇ ತಾಯಿಮಗ ನವಿಲು ನಾಯಿಗಳಾಗಿ, ಭವಭವದಲ್ಲಿ ಮೃಗಗಳಾಗಿ ತೊಳಲಿದರು. ಕೈಯ ಕೊಲೆಗೂ ಮನದ ಕೊಲೆಗೂ ಭೇದವೆಣಿಸದ ಈ ತೀರ್ಪು ಕಠೋರವೆಂದೇ ನಮಗೆ ತೋರುತ್ತದೆ. ಮಾರಿದತ್ತನು ಮಾತ್ರ ಕೇಳಿ ಬಲಿಯನ್ನು ತೊರೆದನು. ಜನ್ನನು 1230ರಲ್ಲಿ ಅನಂತನಾಥಪುರಾಣವನ್ನು ಬರೆದನು; ಇಪ್ಪತ್ತನೆಯ ಶತಮಾನದಲ್ಲಿ ಅವನ ಹುಂಜವನ್ನು ಗಿರೀಶ ಕಾರ್ನಾಡರು ರಂಗಕ್ಕೆ ತಂದರು.