ದೇವರು ಕೈಬಿಟ್ಟನೆಂದುಕೊಂಡ ಕವಿ
ನಂಬಿಕೆಯಿದ್ರೆ ಖಿನ್ನತೆ ಹೋಗುತ್ತೆ ಅನ್ನೋರು ಸಿಕ್ಕಾಗಲೆಲ್ಲ ನನಗೆ ಇಂಗ್ಲಿಷ್ ಕವಿ ವಿಲಿಯಂ ಕೂಪರ್ ನೆನಪಾಗ್ತಾನೆ. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವನು. 1763ರಲ್ಲಿ, ಸಂಸತ್ತಿನ ಹುದ್ದೆಯೊಂದಕ್ಕೆ ಎದುರಿಸಬೇಕಿದ್ದ ಪರೀಕ್ಷೆಯ ಭಯಕ್ಕೇ ಸಾಯಲು ಹೊರಟ. ಸೇಂಟ್ ಆಲ್ಬನ್ಸ್‌ನ ಡಾ. ಕಾಟನ್ ಅವರ ಆಸ್ಪತ್ರೆಯಲ್ಲಿ ಬೈಬಲ್ ಓದುತ್ತ ಕ್ರಿಸ್ತನಲ್ಲಿ ನೆಮ್ಮದಿ ಕಂಡ. (ಅಲ್ಲಿ ವೈದ್ಯರೂ ಇದ್ದರು, ಇದನ್ನು ಮರೀತೀವಿ.) ಮುಂದೆ ಓಲ್ನಿ ಊರಲ್ಲಿ, ಹಿಂದೊಮ್ಮೆ ಗುಲಾಮರ ಹಡಗಿನ ಕಪ್ತಾನನಾಗಿದ್ದ ಪಾದ್ರಿ ಜಾನ್ ನ್ಯೂಟನ್ ಜೊತೆ ಭಕ್ತಿಗೀತೆ ಬರೆದ. 1773ರಲ್ಲಿ ಮತ್ತೆ ಕುಸಿದ. ದೇವರು ತನ್ನನ್ನು ತಿರಸ್ಕರಿಸಿದನೆಂದು ಕನಸು ಬಿತ್ತು. ಚರ್ಚಿಗೆ ಹೋಗೋದೇ ಬಿಟ್ಟ. ನಂಬಿಕೆ ಸಾಲಲಿಲ್ಲ ಅಂತ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಗೆಳೆಯರು ಕೈಬಿಡಲಿಲ್ಲ. ಮೊಲ ಸಾಕಿದ, ತೋಟ ಮಾಡಿದ. 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪದ್ಯ ಬರೆದ. ತನಗೆ ಮುಕ್ತಿಯಿಲ್ಲ ಅಂದುಕೊಂಡೇ 1800ರಲ್ಲಿ ತೀರಿಕೊಂಡ. ಅವನ ಗೀತೆಗಳನ್ನು ಚರ್ಚುಗಳಲ್ಲಿ ಈಗಲೂ ಹಾಡ್ತಾರೆ.