ಊರ ಹಣವನ್ನು ಕಾಯ್ದ ವಚನಪಿತಾಮಹ

ಶರಣಧರ್ಮದಲ್ಲಿ ಧನವು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಅದು ಯಾರ ಕೈಯಲ್ಲಿದೆ, ಯಾರಿಗೆ ಸಲ್ಲುತ್ತದೆ ಎಂಬುದರಿಂದ ಅದರ ಗುಣವು ನಿರ್ಣಯವಾಗುತ್ತದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ಕಾಯ್ದ ಬಸವಣ್ಣನವರೇ ಇದಕ್ಕೆ ಮೊದಲ ನಿದರ್ಶನ. ಅವರ ವಚನಗಳನ್ನು ತಾಳೆಗರಿಗಳಿಂದ ಬೆಳಕಿಗೆ ತಂದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬಾಳೂ ಅದೇ ದಾರಿಯಲ್ಲಿ ಸಾಗಿತು. ವಚನಪಿತಾಮಹರೆಂದು ಅವರನ್ನು ಎಲ್ಲರೂ ಬಲ್ಲರು; ಬ್ಯಾಂಕು, ಪೌರಸಭೆಗಳಲ್ಲಿ ಅವರು ಸವೆಸಿದ ದಿನಗಳನ್ನು ಬಲ್ಲವರು ವಿರಳ.

ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಗ್ರಂಥಕಾರರು. ಮುಂಬಯಿಯಲ್ಲಿ ವ್ಯಾಸಂಗ ಮಾಡಿ, 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, ವಿಜಾಪುರದಲ್ಲಿ ವಕೀಲಿಗೆ ನಿಂತರು.

ವಿಜಾಪುರವು ಬರಗಾಲಕ್ಕೆ ತವರಾದ ಸೀಮೆ. ಮಳೆ ಕೈಕೊಟ್ಟ ವರ್ಷ ರೈತನು ಸಾಹುಕಾರನ ಬಾಗಿಲಿಗೆ ಹೋಗುವನು. ಬಡ್ಡಿ ಬೆಳೆದು ಹೊಲವು ಕೈಬಿಡುವುದು. ನ್ಯಾಯಾಲಯದಲ್ಲಿ ಪತ್ರಗಳನ್ನು ಓದುವ ವಕೀಲನಿಗೆ ಈ ದುಃಖದ ಮೂಲವು ಕಾಣದಿರದು. 1910ರಲ್ಲಿ ಅವರು ವಿಜಾಪುರ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಅಡಿಗಲ್ಲಿಟ್ಟರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಹಲವರು ಕೂಡಿಸಿದ ಚಿಕ್ಕ ಚಿಕ್ಕ ಹಣವು ಒಂದೆಡೆ ಸೇರಿ, ಮಿತವಾದ ಬಡ್ಡಿಗೆ, ಪರಸ್ಪರರ ಜಾಮೀನಿನ ಮೇಲೆ ಅಗತ್ಯವುಳ್ಳವನಿಗೆ ಒದಗುವುದೇ ಸಹಕಾರದ ಮರ್ಮ. ಇಂತಹ ಸಂಸ್ಥೆಯಲ್ಲಿ ಲೆಕ್ಕವೇ ಶೀಲ. ಅದು ತಪ್ಪಿದರೆ ಬಡವನ ಗಂಟೇ ಕರಗುವುದು.

ಈ ಶೀಲವನ್ನೇ ಅವರು ಪೌರಸಭೆಗೂ ಕೊಂಡೊಯ್ದರು. ಅಲ್ಲಿ ಸದಸ್ಯರಾಗಿ, ಉಪಾಧ್ಯಕ್ಷರಾಗಿ ದುಡಿದರು. ಆ ಕಾಲದಲ್ಲಿ ಮತ ಹಾಕುವ ಅಧಿಕಾರವು ತೆರಿಗೆ ಕೊಡುವ ಕೆಲವರಿಗೆ ಮಾತ್ರವಿತ್ತು, ಬಾಯಾರಿಕೆಯಾದರೋ ಎಲ್ಲರದು. ಆದಿಲಶಾಹಿ ಅರಸರು ತೊರವಿಯಿಂದಲೂ ಬೇಗಂ ತಾಲಾಬದಿಂದಲೂ ನೀರನ್ನು ಹರಿಸಿದ ಊರು ಮತ್ತೆ ಕೊಡ ಹಿಡಿದು ಅಲೆಯುವಂತಾಗಿತ್ತು. ಭೂತನಾಳ ಕೆರೆಯಿಂದ ಊರಿಗೆ ನೀರು ಬಂದುದನ್ನು ನೆನೆಯುವಾಗ ವಿಜಾಪುರದ ಜನರು ಹಳಕಟ್ಟಿಯವರ ಹೆಸರನ್ನೂ ನೆನೆಯುತ್ತಾರೆ. ಮುಂದೆ ಅವರು ಮುಂಬಯಿ ಶಾಸನಸಭೆಯ ಸದಸ್ಯರೂ ಆದರು.

ಪರರ ಹಣವನ್ನು ಬೆಳೆಸಬಲ್ಲವರು ತಮ್ಮ ಹಣವನ್ನೇಕೆ ಬೆಳೆಸಲಿಲ್ಲ? ಉತ್ತರವು ಅವರ ಮನೆಯ ಲೆಕ್ಕದಲ್ಲಿದೆ. ಹಳ್ಳಿಹಳ್ಳಿಗೆ ಅಲೆದು, ಮಠಮನೆಗಳ ಅಟ್ಟಗಳಲ್ಲಿದ್ದ ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ವಚನಗಳನ್ನು ಅಚ್ಚಿಸಲು ಸ್ವಂತ ಮುದ್ರಣಾಲಯವು ಬೇಕಾದಾಗ ಇದ್ದ ಮನೆಯನ್ನೇ ಮಾರಿದರು. 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಬ್ಯಾಂಕನ್ನು ಕಟ್ಟಿದವರು ಬಡತನದಲ್ಲಿಯೇ ಬಾಳಿ, 1964ರ ಜೂನ್ 29ರಂದು ಲಿಂಗೈಕ್ಯರಾದರು.

ಹಣದ ಅನುಭವವುಳ್ಳವನು ಊರಿನ ಅಧಿಕಾರಕ್ಕೆ ಬರುವುದು ಒಳಿತೇ. ಲೆಕ್ಕವರಿಯದ ಸಜ್ಜನನು ಮೋಸಹೋಗುವನು; ಲೆಕ್ಕವನ್ನಷ್ಟೇ ಅರಿತವನು ಮೋಸಮಾಡಲೂ ಬಲ್ಲನು. ಆದುದರಿಂದ ವಿಜಾಪುರದಂತಹ ನಗರದಲ್ಲಾಗಲಿ, ಕಾಳಗಿಯಂತಹ ಚಿಕ್ಕ ಊರಿನಲ್ಲಾಗಲಿ, ಮತವನ್ನು ಬೇಡಿ ಬಂದವನಲ್ಲಿ ಗೃಹಸ್ಥರು ಎರಡನ್ನು ಅರಸಬೇಕು: ಲೆಕ್ಕದ ಅರಿವು, ದಾಸೋಹದ ಮನಸ್ಸು. ಹಳಕಟ್ಟಿಯವರಲ್ಲಿ ಇವೆರಡೂ ಒಂದಾಗಿದ್ದವು. ಊರ ಹಣವು ಅವರ ಕೈಯನ್ನು ಹಾದುಹೋಯಿತು, ಕೈಗೆ ಅಂಟಲಿಲ್ಲ.